ಡೀಸೆಲ್ ಟ್ರಾಕ್ಟರಿಗೆ ಎಣ್ಣೆ ಒದಗದೆ ನಿಲ್ಲುವುದು: ಅದರ ಕಾರಣಗಳೂ ಪರಿಹಾರಗಳೂ

(ಜಮೀನುದಾರರ ಮತ್ತು ಗ್ರಾಮ ಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಸಾಯದಲ್ಲಿ ಹದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲವೆಂಬುದನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಮುಂಗಾರಿನ ಒಳ್ಳೆಯ ಮಳೆ ಬಿದ್ದ ಮೇಲೆ ಕೆಂಪು ನೆಲದಲ್ಲಿ ಉಳುಮೆಗೂ ಬಿತ್ತನೆಗೂ ತಕ್ಕ ಹಸಿ ನಿಲ್ಲುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಒಂದು ಎತ್ತು ಕುಂಟಿದರೆ ನೆರೆಯವರ ಜೋಡಿಯನ್ನು ಮುಯ್ಯಿಗೆ ತರಬಹುದು. ಟ್ರಾಕ್ಟರು ನಿಂತರೆ ಅದನ್ನೇ ನಂಬಿದ ಹತ್ತಾರು ಹೊಲಗಳ ಕೆಲಸ ಒಟ್ಟಿಗೆ ನಿಲ್ಲುತ್ತದೆ. ಹೀಗೆ ನಿಲ್ಲುವುದಕ್ಕೆ ಬಹಳ ಸಲ ಕಾರಣವಾಗುವುದು ಇಂಜಿನಿನ ದೊಡ್ಡ ದೋಷವಲ್ಲ. ಎಣ್ಣೆಯು ತೊಟ್ಟಿಯಿಂದ ಇಂಜಿನಿಗೆ ಸರಿಯಾಗಿ ಹೋಗದಿರುವ ಸಣ್ಣ ತೊಡಕು. ಆ ತೊಡಕನ್ನು ಹೊಲದ ಬದುವಿನಲ್ಲಿಯೇ ಕಂಡುಹಿಡಿದು ಸರಿಪಡಿಸುವ ಬಗೆಯನ್ನೂ, ಎಲ್ಲಿ ಕೈ ಇಡಬಾರದೆಂಬುದನ್ನೂ ತಿಳಿಸುವುದೇ ಈ ಹೊತ್ತಿನ ಉಪನ್ಯಾಸದ ಉದ್ದೇಶ.

೧. ಡೀಸೆಲ್ ಇಂಜಿನಿನ ಸ್ವಭಾವ

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು ೧೮೯೨ರಲ್ಲಿ ಈ ಇಂಜಿನಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ಇದರಲ್ಲಿ ಬೆಂಕಿಯ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲೊಂದು ಪಾಲಿಗೆ ಒತ್ತಿದಾಗ ಅದು ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದಕಾರಣ ಎಣ್ಣೆಯು ತಕ್ಕ ಕಾಲಕ್ಕೆ, ತಕ್ಕ ಅಳತೆಯಲ್ಲಿ, ತಕ್ಕ ಒತ್ತಡದಲ್ಲಿ ಬರುವುದೇ ಈ ಇಂಜಿನಿನ ಜೀವಾಳ.

ಈ ಅಳತೆ ಎಷ್ಟು ಸೂಕ್ಷ್ಮವೆಂಬುದನ್ನು ಲೆಕ್ಕ ಹಾಕಿ ನೋಡೋಣ. ಮೂರು ಸಿಲಿಂಡರಿನ ಒಂದು ಟ್ರಾಕ್ಟರು ನಿಮಿಷಕ್ಕೆ ೨೦೦೦ ಸುತ್ತಿನಂತೆ ಕೆಲಸ ಮಾಡುತ್ತ ಗಂಟೆಗೆ ೬ ಲೀಟರು ಎಣ್ಣೆಯನ್ನು ಖರ್ಚು ಮಾಡುವುದೆಂದು ಇಟ್ಟುಕೊಳ್ಳೋಣ. ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಸಿಲಿಂಡರಿಗೆ ಗಂಟೆಗೆ ೬೦,೦೦೦ ಸಲ, ಮೂರಕ್ಕೂ ಸೇರಿ ೧,೮೦,೦೦೦ ಸಲ ಎಣ್ಣೆ ಚಿಮ್ಮಬೇಕು. ಒಂದು ಸಲಕ್ಕೆ ಬೀಳುವುದು ಒಂದು ಮಿಲಿಲೀಟರಿನ ಮೂವತ್ತರಲ್ಲೊಂದು ಪಾಲು. ಎಂದರೆ ಒಂದು ಹನಿಗಿಂತಲೂ ಕಡಿಮೆ. ಇಷ್ಟು ಸಣ್ಣ ಅಳತೆಯನ್ನು ಕೊಡುವ ಪಂಪಿನ ಒಳಗಿನ ದಿಂಡಿಗೂ ಅದರ ಗೂಡಿಗೂ ಇರುವ ಎಡೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಕಣ್ಣಿಗೆ ಕಾಣದ ಧೂಳೂ ಅದನ್ನು ಗೀಚಬಲ್ಲುದು.

ಇಂಥ ಪಂಪುಗಳನ್ನು ಜರ್ಮನಿಯ ಬಾಷ್ ಕಾರ್ಖಾನೆಯವರು ೧೯೨೭ರಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಇಂಜಿನು ರಸ್ತೆಗೂ ಹೊಲಕ್ಕೂ ಇಳಿಯುವುದು ಸುಲಭವಾಯಿತು. ನಮ್ಮ ಬೆಂಗಳೂರಿನಲ್ಲಿ ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯು ಈ ಸಾಮಾನುಗಳನ್ನೇ ತಯಾರಿಸಿ ಹೆಸರಾಯಿತು. ೨೦೦೮ರಲ್ಲಿ ಅದಕ್ಕೆ ಬಾಷ್ ಎಂದೇ ಹೆಸರಾಗಿದೆ.

೨. ಎಣ್ಣೆ ನಡೆಯುವ ದಾರಿ

ನೀರಾವರಿ ಕಾಲುವೆಯಲ್ಲಿ ನೀರು ಬರಲಿಲ್ಲವಾದರೆ ತೂಬಿನಿಂದ ಹಿಡಿದು ಗದ್ದೆಯವರೆಗೆ ನಡೆದುಕೊಂಡು ನೋಡುವುದು ರೂಢಿ. ಎಣ್ಣೆಯ ವಿಷಯದಲ್ಲಿಯೂ ಅದೇ ಕ್ರಮ. ಮೊದಲು ತೊಟ್ಟಿ, ಅದರ ಕೆಳಗೆ ಕೊಳಾಯಿ, ಬಳಿಕ ಎಣ್ಣೆಯನ್ನು ಎಳೆದು ಮುಂದಕ್ಕೆ ತಳ್ಳುವ ಸಣ್ಣ ಪಂಪು, ಅದರಲ್ಲೊಂದು ಜರಡಿ ಮತ್ತು ಕೈಯಿಂದ ಒತ್ತುವ ಗುಂಡಿ, ಅನಂತರ ಸಾಮಾನ್ಯವಾಗಿ ಎರಡು ಫಿಲ್ಟರುಗಳು, ಆಮೇಲೆ ದೊಡ್ಡ ಒತ್ತಡದ ಪಂಪು, ಅಲ್ಲಿಂದ ಗಟ್ಟಿಯಾದ ಉಕ್ಕಿನ ಕೊಳವೆಗಳು, ಕೊನೆಗೆ ಸಿಲಿಂಡರಿನ ತಲೆಯ ಮೇಲಿರುವ ನಾಝಲುಗಳು. ಯಾವ ದೋಷವನ್ನೇ ಆಗಲಿ ತೊಟ್ಟಿಯ ಕಡೆಯಿಂದ ಹುಡುಕುತ್ತ ಬರತಕ್ಕದ್ದು. ದಾರಿಯ ಕೊನೆಯಲ್ಲಿರುವ ಬೆಲೆಯುಳ್ಳ ಭಾಗಗಳನ್ನು ಮೊದಲೇ ಬಿಚ್ಚುವುದು ಅವಿವೇಕ.

೩. ಲಕ್ಷಣಗಳಿಂದ ದೋಷವನ್ನು ತಿಳಿಯುವುದು

ಇಂಜಿನನ್ನು ತಿರುಗಿಸಿದಾಗ ಅದು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹೊಗೆ ಕೊಳವೆಯನ್ನು ನೋಡತಕ್ಕದ್ದು. ಹೊಗೆಯೇ ಇಲ್ಲವಾದರೆ ಎಣ್ಣೆ ಸಿಲಿಂಡರನ್ನು ಮುಟ್ಟಿಲ್ಲವೆಂದು ಅರ್ಥ. ಬಿಳಿಯ ಹೊಗೆ ಬಂದರೆ ಎಣ್ಣೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಚಳಿ, ಎಣ್ಣೆಯಲ್ಲಿ ನೀರು, ಅಥವಾ ಸಿಲಿಂಡರಿನಲ್ಲಿ ಒತ್ತಡ ಸಾಲದಿರುವಿಕೆ ಇದಕ್ಕೆ ಕಾರಣವಾಗಬಹುದು. ಹೊಗೆಯೇ ಕಾಣದಾಗ ತೊಟ್ಟಿಯಲ್ಲಿ ಎಣ್ಣೆ ಇದೆಯೇ, ಕೊಳಾಯಿ ತೆರೆದಿದೆಯೇ, ಇಂಜಿನನ್ನು ನಿಲ್ಲಿಸುವ ಹಿಡಿಯು ಹೊರಕ್ಕೆ ಎಳೆದೇ ಉಳಿದಿದೆಯೇ ಎಂಬ ಮೂರನ್ನು ಮೊದಲು ವಿಚಾರಿಸಬೇಕು. ನಗುವಂಥ ಮಾತಾದರೂ, ಬಹು ದೂರದಿಂದ ಕರೆಸಿದ ಮೆಕ್ಯಾನಿಕನು ಈ ಹಿಡಿಯನ್ನು ಒಳಕ್ಕೆ ತಳ್ಳಿ ಕೂಲಿ ಪಡೆದು ಹೋಗುವುದುಂಟು.

ಇಂಜಿನು ಹೊರಟು, ಸ್ವಲ್ಪ ಹೊತ್ತು ನಡೆದು, ತಾನಾಗಿ ನಿಂತು, ಸ್ವಲ್ಪ ಬಿಟ್ಟು ಮತ್ತೆ ಹೊರಡುವುದಾದರೆ ತೊಟ್ಟಿಯ ಮುಚ್ಚಳವನ್ನು ಸಂಶಯಿಸತಕ್ಕದ್ದು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಮಣ್ಣಿನಿಂದ ಮುಚ್ಚಿಹೋದರೆ ಎಣ್ಣೆ ಇಳಿದಂತೆಲ್ಲ ತೊಟ್ಟಿಯೊಳಗೆ ಬಯಲು ಉಂಟಾಗಿ ಎಣ್ಣೆ ಮುಂದಕ್ಕೆ ಹರಿಯದು. ಮುಚ್ಚಳವನ್ನು ಸಡಿಲಿಸಿದಾಗ ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಸದ್ದು ಕೇಳಿ, ಇಂಜಿನು ಸರಾಗವಾಗಿ ನಡೆದರೆ ದೋಷ ಸಿಕ್ಕಿತು.

ಬರಿದಾಗಿ ನಿಂತಾಗ ಚೆನ್ನಾಗಿ ನಡೆದು, ನೇಗಿಲು ಮಣ್ಣಿಗೆ ಇಳಿದೊಡನೆ ಸೋಲುವ ಇಂಜಿನಿಗೆ ಎಣ್ಣೆ ಬರುತ್ತಿದೆ, ಆದರೆ ಸಾಲದು. ಫಿಲ್ಟರು ಕಟ್ಟಿರುವುದು, ಸಣ್ಣ ಪಂಪಿನ ಜರಡಿಯಲ್ಲಿ ಕಸ ಸೇರಿರುವುದು, ರಬ್ಬರು ಕೊಳವೆ ಮಡಿಸಿಕೊಂಡಿರುವುದು ಇದರ ಕಾರಣಗಳು.

ಕಪ್ಪು ಹೊಗೆ ಕಂಡರೆ ಎಣ್ಣೆಗೆ ತಕ್ಕಷ್ಟು ಗಾಳಿಯಿಲ್ಲವೆಂದು ತಿಳಿಯಬೇಕು. ಧೂಳಿನ ಕಾಲದಲ್ಲಿ ಮೊದಲು ಗಾಳಿ ಸೋಸುವ ಡಬ್ಬಿಯನ್ನು ನೋಡಿ, ಆಮೇಲೆ ನಾಝಲುಗಳ ಯೋಚನೆ ಮಾಡತಕ್ಕದ್ದು. ನೀಲಿ ಹೊಗೆಯು ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಅದು ಈ ಉಪನ್ಯಾಸದ ವಿಷಯವಲ್ಲ. ಆದರೆ ಅಳತೆ ಕಡ್ಡಿಯಲ್ಲಿ ಇಂಜಿನ್ ಆಯಿಲಿನ ಮಟ್ಟ ತಾನಾಗಿ ಏರಿ, ಅದರಲ್ಲಿ ಡೀಸೆಲ್ಲಿನ ವಾಸನೆ ಬಂದರೆ ಯಂತ್ರವನ್ನು ಒಡನೆ ನಿಲ್ಲಿಸಬೇಕು. ಪಂಪಿನ ಒಳಗಿನಿಂದ ಡೀಸೆಲ್ ಸೋರಿ ಆಯಿಲನ್ನು ತೆಳುಮಾಡುತ್ತಿರಬಹುದು. ಹಾಗೆಯೇ ನಡೆಸಿದರೆ ಬೇರಿಂಗುಗಳು ಕೆಟ್ಟು ಇಂಜಿನೇ ಹಾಳಾಗುವುದು.

೪. ಗಾಳಿ ಸೇರುವುದು

ನಮ್ಮ ಚಾಲಕರು ‘ಏರ್ ಹಿಡಿದಿದೆ’ ಎನ್ನುವ ದೋಷವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗದೆ ಮುಂದಕ್ಕೆ ಹೋಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗಿ ಅಲ್ಲಿಯೇ ಉಳಿಯುತ್ತದೆ. ಪಂಪಿನಲ್ಲಿ ಗಾಳಿಯ ಗುಳ್ಳೆ ಇರುವವರೆಗೆ ನಾಝಲು ತೆರೆಯುವಷ್ಟು ಒತ್ತಡ ಹುಟ್ಟದು. ತೊಟ್ಟಿ ಬರಿದಾಗುವವರೆಗೆ ನಡೆಸಿದಾಗ, ಫಿಲ್ಟರು ಬದಲಿಸಿದಾಗ, ಕೊಳವೆಯ ಕೂಡಿಕೆ ಸಡಿಲವಾದಾಗ ಗಾಳಿ ಸೇರುವುದು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಸಣ್ಣ ಪಂಪಿನಿಂದ ಮುಂದಕ್ಕೆ ಕೂಡಿಕೆ ಸಡಿಲವಾದರೆ ಎಣ್ಣೆ ಹೊರಕ್ಕೆ ಸೋರಿ ಕಣ್ಣಿಗೆ ಕಾಣುತ್ತದೆ. ತೊಟ್ಟಿಗೂ ಸಣ್ಣ ಪಂಪಿಗೂ ನಡುವೆ ಪಂಪು ಎಣ್ಣೆಯನ್ನು ಎಳೆಯುತ್ತಿರುವುದರಿಂದ, ಅಲ್ಲಿ ಸಡಿಲವಾದರೆ ಎಣ್ಣೆ ಸೋರದೆಯೇ ಗಾಳಿ ಒಳಕ್ಕೆ ಹೋಗಬಹುದು. ‘ಎಲ್ಲಿಯೂ ಸೋರಿಲ್ಲ, ಆದರೂ ದಿನವೂ ಏರ್ ಹಿಡಿಯುತ್ತದೆ’ ಎಂಬ ದೂರು ಬಂದಾಗ ಈ ಭಾಗದ ರಬ್ಬರು ಕೊಳವೆ, ಬಿಗಿಪಟ್ಟಿ, ವಾಷರುಗಳನ್ನು ಒಂದೊಂದಾಗಿ ಪರೀಕ್ಷಿಸತಕ್ಕದ್ದು.

ಹಳೆಯ ಮಾದರಿಯ ಟ್ರಾಕ್ಟರಿನಲ್ಲಿ ಗಾಳಿಯನ್ನು ತೆಗೆಯುವ ಕ್ರಮ ಹೀಗಿದೆ:

(ಅ) ಫಿಲ್ಟರುಗಳನ್ನೂ ಪಂಪನ್ನೂ ಹೊರಗಿನಿಂದ ಚೆನ್ನಾಗಿ ಒರಸಿ, ತೊಟ್ಟಿಗೆ ಎಣ್ಣೆ ತುಂಬಿ, ಕೊಳಾಯಿಯನ್ನು ತೆರೆಯಬೇಕು. ಹತ್ತಿರದಲ್ಲಿ ಬೀಡಿಯಾಗಲಿ ದೀಪವಾಗಲಿ ಇರಕೂಡದು.

(ಆ) ಮೊದಲನೆಯ ಫಿಲ್ಟರಿನ ಮೇಲಿರುವ ಗಾಳಿ ಬಿಡುವ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ, ಕೈಗುಂಡಿಯನ್ನು ಒತ್ತುತ್ತಿರಬೇಕು. ಮೊದಲು ನೊರೆಯೂ ಗುಳ್ಳೆಗಳೂ ಬರುವುವು. ಗುಳ್ಳೆಯಿಲ್ಲದ ತಿಳಿ ಎಣ್ಣೆ ಬಂದ ಮೇಲೆ, ಎಣ್ಣೆ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು.

(ಇ) ಅದೇ ರೀತಿ ಎರಡನೆಯ ಫಿಲ್ಟರಿನಲ್ಲಿಯೂ, ಬಳಿಕ ದೊಡ್ಡ ಪಂಪಿನ ತಿರುಪಿನಲ್ಲಿಯೂ ಮಾಡಬೇಕು. ಕ್ರಮವನ್ನು ಹಿಂದುಮುಂದು ಮಾಡಿದರೆ ಹಿಂದಿನ ಗಾಳಿಯೇ ಮತ್ತೆ ಮುಂದಕ್ಕೆ ಬರುವುದು.

(ಈ) ಆಗಲೂ ಹೊರಡದಿದ್ದರೆ, ನಾಝಲುಗಳಿಗೆ ಸೇರುವ ಉಕ್ಕಿನ ಕೊಳವೆಗಳ ನಟ್ಟುಗಳನ್ನು ನಾಝಲಿನ ಕಡೆ ಸ್ವಲ್ಪ ಸಡಿಲಿಸಿ, ಇಂಜಿನನ್ನು ತಿರುಗಿಸಿ, ಎಣ್ಣೆ ಜಿನುಗಿದ ಮೇಲೆ ಬಿಗಿಯಬೇಕು. ಸ್ಟಾರ್ಟರನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು.

೫. ಕೈ ಇಡಬಾರದ ಎಡೆಗಳು

ನಾಝಲಿನಿಂದ ಹೊರಡುವ ಎಣ್ಣೆಯ ಒತ್ತಡ ಹಳೆಯ ಇಂಜಿನುಗಳಲ್ಲಿಯೂ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಆ ಧಾರೆಯು ಚರ್ಮವನ್ನು ತೂರಿ ಒಳಹೊಗಬಲ್ಲುದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ, ಒಳಸೇರಿದ ಎಣ್ಣೆಯಿಂದ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವುಂಟು. ಆದ್ದರಿಂದ ಸೋರಿಕೆಯನ್ನು ಬೆರಳಿನಿಂದ ತಡವಿ ನೋಡಲೇಕೂಡದು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿತೆಂದು ತೋರಿದರೆ ನೋವಿಗೆ ಕಾಯದೆ ಒಡನೆ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿದ್ಯುತ್ ಯಂತ್ರದಿಂದ ಎಣ್ಣೆಯನ್ನು ನಿಯಮಿಸುವ ಕಾಮನ್ ರೈಲ್ ಎಂಬ ಹೊಸ ಮಾದರಿಯ ಇಂಜಿನುಗಳಲ್ಲಿ ಒತ್ತಡವು ಇದಕ್ಕಿಂತ ಅನೇಕ ಪಟ್ಟು ಹೆಚ್ಚು. ಅಂಥವುಗಳಲ್ಲಿ ಮೇಲೆ (ಈ) ಎಂದು ಹೇಳಿದ ಕೆಲಸವನ್ನು ಎಂದಿಗೂ ಮಾಡತಕ್ಕದ್ದಲ್ಲ. ಯಂತ್ರದೊಡನೆ ಬಂದ ಪುಸ್ತಕವನ್ನೇ ಅನುಸರಿಸಬೇಕು.

ಯಾವ ಮಾದರಿಯೇ ಆಗಲಿ, ದೊಡ್ಡ ಪಂಪನ್ನು ಹೊಲದಲ್ಲಿ ಬಿಚ್ಚಕೂಡದು. ಅದರ ಅಳತೆಗಳನ್ನು ಪರೀಕ್ಷೆಯ ಮೇಜಿನ ಮೇಲೆ ಮಾತ್ರ ಸರಿಪಡಿಸಬಹುದು. ಮುದ್ರೆ ಹಾಕಿರುವ ತಿರುಪುಗಳನ್ನು ತಿರುಗಿಸಿ ‘ಬಲ ಹೆಚ್ಚಿಸಿಕೊಡುತ್ತೇನೆ’ ಎನ್ನುವವರಿಗೆ ಯಂತ್ರವನ್ನು ಒಪ್ಪಿಸಬಾರದು.

೬. ದೋಷ ಬಾರದಂತೆ ನೋಡಿಕೊಳ್ಳುವುದು

ಸಂಜೆ ಕೆಲಸ ಮುಗಿದೊಡನೆ ತೊಟ್ಟಿಯನ್ನು ತುಂಬಿಡಬೇಕು. ಅರ್ಧ ಬರಿದಾದ ತೊಟ್ಟಿಯಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ಬೆಳಗ್ಗೆ ಇಂಜಿನನ್ನು ಹೊರಡಿಸುವ ಮುನ್ನ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಅದನ್ನು ಹೊರಕ್ಕೆ ಬಿಡಬೇಕು.

ಎಣ್ಣೆಯ ಪೀಪಾಯಿಯನ್ನು ನೆರಳಿನಲ್ಲಿ, ಸ್ವಲ್ಪ ಓರೆಯಾಗಿ ಇರಿಸಿ, ತಂದ ಎಣ್ಣೆ ತಿಳಿಯಾಗಲು ಬಿಡುವು ಕೊಟ್ಟು, ತಳದ ನಾಲ್ಕು ಬೆರಳನ್ನು ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಬೇಕು. ಸತುವಿನ ಲೇಪವುಳ್ಳ ಪಾತ್ರೆಯಲ್ಲಿ ಡೀಸೆಲ್ ಇಡಬಾರದು. ಸತು ಎಣ್ಣೆಯೊಡನೆ ಬೆರೆತು ಫಿಲ್ಟರು ಕಟ್ಟುವಂಥ ಜಿಗುಟನ್ನು ಉಂಟುಮಾಡುವುದು. ಸೀಮೆಎಣ್ಣೆಯನ್ನು ಬೆರಸುವುದು ನಾಲ್ಕು ಕಾಸಿನ ಉಳಿತಾಯ, ನೂರು ಕಾಸಿನ ನಷ್ಟ. ಪಂಪಿನ ಒಳಗಿನ ದಿಂಡಿಗೂ ಅದರ ಗೂಡಿಗೂ ಜಿಡ್ಡು ಒದಗಿಸುವುದು ಡೀಸೆಲ್ಲೇ.

ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಕೂಡದು. ಪುಸ್ತಕದಲ್ಲಿ ಹೇಳಿರುವ ಗಂಟೆಗಳಿಗೆ ಸರಿಯಾಗಿ ಬದಲಿಸಬೇಕು. ಎರಡು ಫಿಲ್ಟರುಗಳಿರುವಲ್ಲಿ, ಪುಸ್ತಕವು ಬೇರೆ ವಿಧವಾಗಿ ಹೇಳಿರದಿದ್ದರೆ, ಎರಡನ್ನೂ ಒಂದೇ ದಿನ ಬದಲಿಸದಿರುವುದು ಲೇಸು. ಬದಲಿಸುವಾಗ ಬಿದ್ದ ಧೂಳನ್ನು ತಡೆಯಲು ಒಂದಾದರೂ ನೆಲೆಯಾದದ್ದು ಇರಲಿ.

೭. ಮುಖಂಡರಲ್ಲಿ ಅರಿಕೆ

ಹಲವು ಗ್ರಾಮಗಳಲ್ಲಿ ಟ್ರಾಕ್ಟರು ಒಬ್ಬರದಾದರೂ ಬಾಡಿಗೆಯ ಮೂಲಕ ಅದರ ಕೆಲಸ ಊರಿನವರೆಲ್ಲರದು. ಎತ್ತಿಲ್ಲದ ಸಣ್ಣ ಹಿಡುವಳಿದಾರನ ಸರದಿ ಸಾಮಾನ್ಯವಾಗಿ ಕೊನೆಗೆ ಬರುವುದು. ಯಂತ್ರ ಎರಡು ದಿನ ನಿಂತರೆ ಹದ ತಪ್ಪುವುದು ಅವನಿಗೇ. ಆದುದರಿಂದ ತಾವು ಮಳೆಗಾಲಕ್ಕೆ ಮುಂಚೆಯೇ ಊರಿನ ಚಾಲಕರನ್ನು ಒಂದೆಡೆ ಸೇರಿಸಿ, ಮೇಲಣ ಕ್ರಮವನ್ನು ಒಮ್ಮೆ ಮಾಡಿಸಿ ನೋಡಬೇಕು. ತಕ್ಕ ಅಳತೆಯ ಸ್ಪ್ಯಾನರುಗಳು, ಒಂದು ಫಿಲ್ಟರು, ಕೆಲವು ತಾಮ್ರದ ವಾಷರುಗಳು, ಒಂದು ಮೊಳ ರಬ್ಬರು ಕೊಳವೆ, ಶುಭ್ರವಾದ ಬಟ್ಟೆ: ಇಷ್ಟನ್ನು ಯಂತ್ರದ ಪೆಟ್ಟಿಗೆಯಲ್ಲಿ ಸದಾ ಇರಿಸಬೇಕು. ಫಿಲ್ಟರು ಬದಲಿಸಿದ ದಿನವನ್ನೂ ಗಂಟೆಯನ್ನೂ ಬರೆದಿಡುವ ಒಂದು ಪುಸ್ತಕವಿರಲಿ.

ಎತ್ತಿಗೆ ಹೊತ್ತುಹೊತ್ತಿಗೆ ತಿಳಿನೀರನ್ನು ಕುಡಿಸುವ ರೈತನಿಗೆ ಯಂತ್ರಕ್ಕೆ ಶುದ್ಧವಾದ ಎಣ್ಣೆಯನ್ನು ಕುಡಿಸುವುದು ಹೊಸ ವಿದ್ಯೆಯೇನೂ ಅಲ್ಲ. ತಾವೆಲ್ಲರೂ ಈ ಮಾತುಗಳನ್ನು ಬರುವ ಮುಂಗಾರಿನೊಳಗೆ ಆಚರಣೆಗೆ ತರುವಿರೆಂದು ನಂಬಿ ವಿರಮಿಸುತ್ತೇನೆ.