ಪೀಣ್ಯದಲ್ಲಿ ಕೂತು ಸೂರ್ಯನ ಗಾಳಿ ಕಾಯುವವರು

(ತಿ. ನರಸೀಪುರದಲ್ಲಿ ಯುವಕರ ಮುಂದೆ ಆಡಿದ ಮಾತುಗಳು)



ನಾನು ವಿಜ್ಞಾನಿಯಲ್ಲ. ನಂಜನಗೂಡಿನಲ್ಲಿ ಪ್ರೆಸ್ ಇಟ್ಟುಕೊಂಡಿರುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಓದಿದ್ದು ಪಿಯುಸಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಸೈನ್ಸಿಗೆ ಸೇರಿದೆ. ಅಲ್ಲಿ ಅಯಸ್ಕಾಂತ ರಾತ್ರೋರಾತ್ರಿ ಮ್ಯಾಗ್ನೆಟ್ ಆಯಿತು. ಪಾಠ ತಲೆಯ ಮೇಲೆ ಹಾರಿಹೋಯಿತು. ಹೇಗೋ ಪಾಸಾಗಿ ಅಪ್ಪನ ಪ್ರೆಸ್ಸಿಗೆ ಬಂದು ಕೂತೆ. ವಿಜ್ಞಾನ ನಮ್ಮಂಥವರಿಗಲ್ಲ ಎಂದು ಇಪ್ಪತ್ತೈದು ವರ್ಷ ನಂಬಿದ್ದೆ. ಆ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಶಾಲೆಯ ವಸ್ತುಪ್ರದರ್ಶನಕ್ಕೆ ಪೋಸ್ಟರ್ ಮಾಡಿಸಲು ಒಬ್ಬ ಹುಡುಗ ನಮ್ಮ ಪ್ರೆಸ್ಸಿಗೆ ಬಂದಿದ್ದ. ಆದಿತ್ಯ-ಎಲ್1 ಉಪಗ್ರಹದ ಚಿತ್ರ. ಕೆಳಗೆಲ್ಲಾ ಇಂಗ್ಲಿಷ್. "ಇದಕ್ಕೆ ಈ ಉದ್ದನೆಯ ಕೋಲು ಯಾಕಪ್ಪಾ?" ಎಂದು ಕೇಳಿದೆ. "ಗೊತ್ತಿಲ್ಲ ಅಣ್ಣಾ, ಇದ್ದ ಹಾಗೇ ಹಾಕಿಬಿಡಿ" ಎಂದ. ಓದುವ ಹುಡುಗನಿಗೂ ತಿಳಿಯದು, ಅಚ್ಚು ಹಾಕುವ ನನಗೂ ತಿಳಿಯದು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹುಡುಕಿ ಓದಿದೆ. ಉತ್ತರ ನನ್ನ ಪ್ರೆಸ್ಸಿನೊಳಗೇ ಇತ್ತು.

ನಮ್ಮಲ್ಲಿ ಅಪ್ಪನ ಕಾಲದ ಟ್ರೆಡಲ್ ಮೆಷಿನ್ನು ಇನ್ನೂ ಇದೆ. ಮಣಗಟ್ಟಲೆ ಕಬ್ಬಿಣ. ಜಾತ್ರೆಯಲ್ಲಿ ಕೊಂಡ ದಿಕ್ಸೂಚಿಯನ್ನು ಅದರ ಪಕ್ಕ ಇಟ್ಟರೆ ಮುಳ್ಳು ಅಡ್ಡಾದಿಡ್ಡಿ ತಿರುಗುತ್ತದೆ. ಅದನ್ನೇ ಕಪಿಲೆಯ ದಂಡೆಗೆ ಒಯ್ದರೆ ನೆಟ್ಟಗೆ ಉತ್ತರ ತೋರಿಸುತ್ತದೆ. ಆದಿತ್ಯದ ಕಥೆಯೂ ಅಷ್ಟೇ. ಅದರಲ್ಲಿರುವ ಕಾಂತಮಾಪಕ ಅಳೆಯಬೇಕಾದದ್ದು ಬಾಹ್ಯಾಕಾಶದ ಕಾಂತಕ್ಷೇತ್ರವನ್ನು. ಅದು ನಾವು ನಿಂತ ನೆಲದ ಕಾಂತಕ್ಷೇತ್ರಕ್ಕಿಂತ ಸಾವಿರಾರು ಪಟ್ಟು ದುರ್ಬಲ. ಉಪಗ್ರಹದ ಸ್ವಂತ ವಿದ್ಯುತ್ ಯಂತ್ರಗಳೇ ಆ ಅಳತೆಯನ್ನು ಕೆಡಿಸಬಲ್ಲವು. ಅದಕ್ಕೇ 6 ಮೀಟರ್ ಉದ್ದದ ತೋಳು. ಒಂದು ಮಾಪಕ 3 ಮೀಟರ್ ದೂರದಲ್ಲಿ, ಇನ್ನೊಂದು ತುದಿಯಲ್ಲಿ. ಎರಡರ ಲೆಕ್ಕ ತಾಳೆ ನೋಡಿದರೆ ಉಪಗ್ರಹದ ಗಲಾಟೆ ಎಷ್ಟು, ಹೊರಗಿನದು ಎಷ್ಟು ಎಂದು ಬೇರ್ಪಡಿಸಬಹುದು. 132 ದಿನ ಮಡಚಿಕೊಂಡಿದ್ದ ಆ ತೋಳು 2024ರ ಜನವರಿ 11ರಂದು ಬಿಚ್ಚಿಕೊಂಡಿತು. ಈ ಮಾಪಕ ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ.

ಇದನ್ನೆಲ್ಲಾ ಅಳೆದು ಏನು ಆಗಬೇಕು? ಕೇಳಿ. ಹೊಳೆಯ ನಡುವಿನ ಬಂಡೆಯನ್ನು ನೀವು ನೋಡಿದ್ದೀರಿ. ನೀರು ಬಡಿದು ಎರಡೂ ಪಕ್ಕ ಸರಿದು ಹಿಂದೆ ಉದ್ದ ಬಾಲ ಬಿಡುತ್ತದೆ. ಸೂರ್ಯನಿಂದ ವಿದ್ಯುತ್ ಕಣಗಳ ಗಾಳಿ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಹಗಲೂ ರಾತ್ರಿ ಬೀಸುತ್ತಿದೆ. ಭೂಮಿಯ ಕಾಂತಕ್ಷೇತ್ರವೇ ಅದಕ್ಕೆ ಅಡ್ಡ ನಿಂತ ಬಂಡೆ. ಆದರೆ ಆ ಗಾಳಿ ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಅದು ದಕ್ಷಿಣಕ್ಕೆ ಮುಖ ಮಾಡಿದ್ದರೆ ನಮ್ಮ ಗುರಾಣಿಯ ಬಾಗಿಲು ತೆರೆದ ಹಾಗೆ. ಆಗ ಕಾಂತ ಬಿರುಗಾಳಿ ಏಳುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತರು. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ನಷ್ಟವಾದವು. 2024ರ ಮೇ ತಿಂಗಳ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ನಿಮ್ಮ ಕೈಯಲ್ಲಿರುವ ಮೊಬೈಲು ದಾರಿ ತೋರಿಸುತ್ತದಲ್ಲ, ಅದೂ ಈ ಗಾಳಿಯ ದಯೆಯಲ್ಲಿದೆ.

ಆದಿತ್ಯ ಸುತ್ತುತ್ತಿರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ಸೂರ್ಯನ ಕಡೆಗೆ. ಲೆಕ್ಕ ಹಾಕಿ. ಗಾಳಿ ಅಲ್ಲಿಂದ ಇಲ್ಲಿಗೆ ಬರಲು ಸುಮಾರು ಒಂದು ಗಂಟೆ ಬೇಕು. ರೇಡಿಯೋ ಸಂಕೇತಕ್ಕೆ ಐದೇ ಸೆಕೆಂಡು. ಅಂದರೆ ಆ ಜಾಗದಲ್ಲಿ ಕಾವಲಿದ್ದರೆ ಒಂದು ಗಂಟೆಯ ಮುನ್ಸೂಚನೆ. ಉಪಗ್ರಹದ ಸೂಕ್ಷ್ಮ ಯಂತ್ರ ಆರಿಸಲು, ವಿದ್ಯುತ್ ಜಾಲದವರು ಎಚ್ಚರವಾಗಲು ಅಷ್ಟು ಹೊತ್ತು ದೊಡ್ಡದೇ.

ರಾಕೆಟ್ ಹಾರಿದ ದಿನ, 2023ರ ಸೆಪ್ಟೆಂಬರ್ 2ರಂದು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮರುದಿನ ಮರೆತೆವು. ಆದರೆ ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದ ಅದಕ್ಕೆ ಆಜ್ಞೆ ಹೋಗುತ್ತದೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ದೊಡ್ಡ ತಟ್ಟೆ ಆಂಟೆನಾ ಅದರ ಕ್ಷೀಣ ದನಿಯನ್ನು ಕೇಳಿಸಿಕೊಳ್ಳುತ್ತದೆ. ಉಪಗ್ರಹ ತನ್ನಷ್ಟಕ್ಕೆ ದಾರಿಯಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ಜಾರುತ್ತದೆ. 2024ರಲ್ಲಿ ಫೆಬ್ರವರಿ 22, ಜೂನ್ 7, ಜುಲೈ 2ರಂದು ಸಣ್ಣ ಎಂಜಿನ್ ಉರಿಸಿ ಅದನ್ನು ದಾರಿಗೆ ತಂದರು. ಈ ಕೆಲಸಕ್ಕೆ ಚಪ್ಪಾಳೆಯಿಲ್ಲ, ಫೋಟೋ ಇಲ್ಲ. ಪ್ರೂಫ್ ನೋಡುವವನ ಕೆಲಸದ ಹಾಗೆ. ಕಣ್ಣು ತಪ್ಪಿದರೆ ಮಾತ್ರ ಲೋಕಕ್ಕೆ ಗೊತ್ತಾಗುತ್ತದೆ.

ಇದೇ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿತು. ಅದರ ಮುಂದಾಳು ಉಡುಪಿಯ ಅದಮಾರಿನ ಯು.ಆರ್. ರಾವ್. ಸೂರ್ಯನ ಗಾಳಿ ನಿಲ್ಲದೆ ಬೀಸುತ್ತದೆ, ಭೂಮಿಯ ಕಾಂತಕ್ಷೇತ್ರವನ್ನು ಕದಡುತ್ತದೆ ಎಂಬುದನ್ನು ಮ್ಯಾರಿನರ್-2 ನೌಕೆಯ ಮಾಹಿತಿಯಿಂದ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಬಸ್ಸಿನ ಕಿಟಕಿಯಿಂದ ದಿನಾ ಪೀಣ್ಯ ನೋಡುವ ಬೆಂಗಳೂರಿನ ಹುಡುಗರೇ, ಇದು ನಿಮಗೆ ಗೊತ್ತಿತ್ತೇ?

ನಾನು ಈಗ ಹೇಳಿದ್ದರಲ್ಲಿ ಕನ್ನಡಕ್ಕೆ ಬಗ್ಗದ ಒಂದು ವಿಷಯವಾದರೂ ಇತ್ತೇ? ನೆಲ ನಮ್ಮದು, ನೀರು ನಮ್ಮದು ಎಂದು ಕೂಗಿದರೆ ಸಾಲದು. ನಮ್ಮ ನೆಲದಲ್ಲಿ ನಡೆಯುವ ಕೆಲಸವನ್ನು ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ತಿಳಿಸದಿದ್ದರೆ ಇನ್ನೊಬ್ಬ ಹುಡುಗ ನನ್ನ ಹಾಗೆ ಪಿಯುಸಿಯಲ್ಲೇ ಸೋತು ಬರುತ್ತಾನೆ. ಇಂಗ್ಲಿಷ್ ಕಲಿಯಿರಿ, ಬೇಡ ಎನ್ನುವವನಲ್ಲ ನಾನು. ಆದರೆ ಮೊದಲು ಅರ್ಥವಾಗಲಿ.

ಆ ಹುಡುಗನ ಪೋಸ್ಟರನ್ನು ಇಬ್ಬರೂ ಕೂತು ಕನ್ನಡದಲ್ಲಿ ಬರೆದೆವು. ಮೂರು ಸಲ ತಿದ್ದಿದೆವು. ಪ್ರದರ್ಶನ ಮುಗಿಸಿ ಬಂದವನು, "ಕೋಲು ಯಾಕೆ ಅಂತ ಎಲ್ಲರೂ ಕೇಳಿದರು ಅಣ್ಣಾ, ಹೇಳಿದೆ" ಎಂದ. ವಿಜ್ಞಾನವನ್ನು ಕನ್ನಡದಲ್ಲಿ ಬರೆದು ತರುವ ಮಕ್ಕಳ ಪೋಸ್ಟರಿಗೆ ಅಂದಿನಿಂದ ನಾನು ಅಚ್ಚಿನ ಕೂಲಿ ಮುಟ್ಟಿಲ್ಲ. ನೀವೂ ಬರೆಯಿರಿ. ನಂಜನಗೂಡು ದೂರವೇನಿಲ್ಲ.