ಯೋಧನ ಪಾಠ ಸಿದ್ಧವಾಗುವುದು ಹೇಗೆ?



ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಹತ್ತಿದವರು ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಕಥೆ ನಿಮಗೆ ಗೊತ್ತೇ ಇದೆ. ಕಾವಲುಗಾರ ಊಟಕ್ಕೆ ಕುಳಿತಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಹೈದರಾಲಿಯ ಸೈನಿಕರು ಕಿಂಡಿಯೊಳಗಿಂದ ನುಸುಳುವುದು ಕಾಣುತ್ತದೆ. ಅವಳು ಒನಕೆ ಹಿಡಿದು ನಿಲ್ಲುತ್ತಾಳೆ. ನಾವೆಲ್ಲ ಓಬವ್ವನ ಧೈರ್ಯವನ್ನು ನೆನೆಯುತ್ತೇವೆ. ಆದರೆ ಸೈನಿಕರ ತರಬೇತಿಯನ್ನು ರೂಪಿಸುವವರು ಅಲ್ಲಿ ನಿಂತರೆ ಅವರ ತಲೆಯಲ್ಲಿ ಬೇರೆ ಎರಡು ಪ್ರಶ್ನೆಗಳು ಏಳುತ್ತವೆ. ಕಾವಲುಗಾರ ಊಟಕ್ಕೆ ಹೋದಾಗ ಆ ಜಾಗದಲ್ಲಿ ಯಾರು ನಿಲ್ಲಬೇಕೆಂಬುದು ಅಭ್ಯಾಸವಾಗಿತ್ತೇ? ಕತ್ತಿ ಹಿಡಿದು ಗೊತ್ತಿಲ್ಲದ ಹೆಣ್ಣುಮಗಳ ಏಟು ಅಷ್ಟು ಗುರಿಯಾಗಿ ಬಿದ್ದದ್ದಾದರೂ ಹೇಗೆ? ಎರಡನೆಯದಕ್ಕೆ ಉತ್ತರ ಸುಲಭ. ದಿನವೂ ಒರಳಿನಲ್ಲಿ ಕುಟ್ಟಿದ ಕೈ ಅದು. ಯೋಚಿಸಲು ಸಮಯವಿಲ್ಲದಾಗ ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ತರಬೇತಿಯ ಶಾಸ್ತ್ರವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹೊಸದುರ್ಗವಿರಲಿ, ಹೊಳಲ್ಕೆರೆಯಿರಲಿ, ನಸುಕಿನಲ್ಲಿ ಮೈದಾನದ ಸುತ್ತ ಓಡುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟವಿದೆ, ಅದಕ್ಕೆ ಸಿದ್ಧತೆ. ನೀವೂ ಅವರಲ್ಲಿ ಒಬ್ಬರಿರಬಹುದು. ಓಟದಲ್ಲಿ ಗೆದ್ದ ಮೇಲೆ ಏನು ಎಂದು ಮಾತ್ರ ಹೆಚ್ಚು ಜನ ಕೇಳುವುದಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ, ತರಬೇತಿಯೂ ಅದರೊಳಗೇ ಸೇರಿದೆ. ಅಂದರೆ ಕಲಿಕೆಗೆ ಕೊಟ್ಟ ಒಂದೊಂದು ವಾರವೂ ಆ ನಾಲ್ಕು ವರ್ಷಗಳಿಂದಲೇ ಕಳೆಯಬೇಕು. ಹೀಗಿರುವಾಗ ಏನನ್ನು ಕಲಿಸಬೇಕು, ಅದಕ್ಕಿಂತ ಕಷ್ಟವಾಗಿ, ಏನನ್ನು ಬಿಡಬೇಕು?

ನಮ್ಮ ಶಾಲೆಗಳಲ್ಲಿ ಪಾಠ ಪುಸ್ತಕದ ಮೊದಲ ಪುಟದಿಂದ ಆರಂಭವಾಗುತ್ತದೆ. ಒಳ್ಳೆಯ ಸೈನಿಕ ತರಬೇತಿ ಆರಂಭವಾಗುವುದು ಕೊನೆಯಿಂದ. ಈ ಯುವಕ ನಾಳೆ ಮಾಡಬೇಕಾದ ಕೆಲಸವೇನು? ಯಾವ ಪರಿಸ್ಥಿತಿಯಲ್ಲಿ? ಎಷ್ಟು ಚೆನ್ನಾಗಿ? ರಾಬರ್ಟ್ ಮೇಗರ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ 1962ರ ತಮ್ಮ ಪುಸ್ತಕದಲ್ಲಿ ಕಲಿಕೆಯ ಗುರಿಯನ್ನು ಹೀಗೆ ಮೂರು ಭಾಗ ಮಾಡಿ ಬರೆಯಬೇಕೆಂದು ವಾದಿಸಿದರು. 'ನಕ್ಷೆ ಓದುವುದನ್ನು ತಿಳಿದಿರಬೇಕು' ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. 'ಬೆಳದಿಂಗಳಿಲ್ಲದ ರಾತ್ರಿ, ನಕ್ಷೆ ಮತ್ತು ದಿಕ್ಸೂಚಿ ಮಾತ್ರ ಹಿಡಿದು, ಐದು ಕಿಲೋಮೀಟರ್ ದೂರದ ಗುರುತಿನ ಕಲ್ಲನ್ನು ಎರಡು ಗಂಟೆಯೊಳಗೆ ಮುಟ್ಟಬೇಕು' ಎಂದು ಬರೆದು ನೋಡಿ. ಈಗ ಪಾಠ ಎಲ್ಲಿ ನಡೆಯಬೇಕು, ಯಾವ ಹೊತ್ತಿನಲ್ಲಿ ನಡೆಯಬೇಕು, ಪರೀಕ್ಷೆ ಹೇಗಿರಬೇಕು ಎಲ್ಲವೂ ಆ ಒಂದೇ ವಾಕ್ಯದಿಂದ ಹೊರಡುತ್ತವೆ. ಕಪ್ಪುಹಲಗೆಯ ಮುಂದೆ ಕುಳಿತು ಇದನ್ನು ಕಲಿಯಲಾಗದೆಂದು ಬೇರೆ ಹೇಳಬೇಕಾಗಿಲ್ಲ.

ನನ್ನದೇ ಒಂದು ಅನುಭವ. ವೃತ್ತಿಯ ಆರಂಭದಲ್ಲಿ ಕ್ಯಾಮೆರಾ ಕೆಲಸದ ತರಬೇತಿಗೆ ಹೋಗಿದ್ದೆ. ಹತ್ತು ದಿನ ಉಪನ್ಯಾಸ, ಕೊನೆಗೆ ಪ್ರಮಾಣಪತ್ರ. ತಿಂಗಳೊಳಗೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರದಲ್ಲಿ ಚಿತ್ರೀಕರಣ. ಸೂರ್ಯ ಮುಳುಗುತ್ತಿದ್ದಾನೆ, ನೀರಿನ ಮೇಲಿನ ಬೆಳಕು ನಿಮಿಷಕ್ಕೊಂದು ಬಗೆ, ನನ್ನ ಕೈ ಮಾತ್ರ ಏಳುತ್ತಿಲ್ಲ. ಬೆಳಕಿನ ಸೂತ್ರವೆಲ್ಲ ಬಾಯಿಪಾಠ ಬರುತ್ತಿತ್ತು! ಹಾಳಾದದ್ದು ಒಂದು ದೃಶ್ಯ, ಅಷ್ಟೆ. ಯೋಧನಿಗೆ ಇಂಥ ಸಂಜೆ ಬಂದರೆ ಹಾಳಾಗುವುದು ದೃಶ್ಯವಲ್ಲ.

ಈಗ ನಮ್ಮ ನಾಡಿನವರೇ ಒಬ್ಬರ ಕಡೆ ಬರೋಣ. ಕೊಡಗಿನ ಕೆ.ಎಸ್. ತಿಮ್ಮಯ್ಯ 1948ರಲ್ಲಿ ಕಾಶ್ಮೀರದಲ್ಲಿ 19ನೆಯ ಪದಾತಿ ಡಿವಿಜನ್ನಿನ ದಂಡನಾಯಕರಾಗಿದ್ದರು. ಆ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸ ಅವರದು. ಅದೇ ವರ್ಷ ಗುಲ್ಮಾರ್ಗಿನಲ್ಲಿ ಅವರು ಹಿಮದ ಮೇಲೆ ಜಾರುವುದನ್ನು ಕಲಿಸುವ ಒಂದು ಸಣ್ಣ ಶಾಲೆಯನ್ನು ಆರಂಭಿಸಿದರು. ಇಂದಿನ ಎತ್ತರ ಪ್ರದೇಶ ಯುದ್ಧಶಾಲೆ ಬೆಳೆದದ್ದು ಅದರಿಂದ. ಹಿಮದಲ್ಲಿ ಹೋರಾಡಬೇಕಾದವರಿಗೆ ಹಿಮದಲ್ಲೇ ಪಾಠ. ಇಷ್ಟು ಸರಳವಾದ ಮಾತು ಎಷ್ಟು ಸಲ ಮರೆತುಹೋಗುತ್ತದೆ! 1962ರ ಚೀನಾ ಯುದ್ಧದಲ್ಲಿ ಬಯಲಿನಿಂದ ಅವಸರವಾಗಿ ಬೆಟ್ಟಗಳಿಗೆ ಏರಿಸಿದ ಸೈನಿಕರಲ್ಲಿ ಎಷ್ಟೋ ಮಂದಿ ಗುಂಡಿಗಲ್ಲ, ಗಾಳಿಗೆ ಸೋತರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು.

ಇಲ್ಲಿ ಸ್ವಲ್ಪ ವಿಜ್ಞಾನ. ಹಿರಿಯೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 3600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟಿಗೆ ಇಳಿಯುತ್ತದೆ, ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಮೊದಲು ಉಸಿರಾಟವನ್ನು ಹೆಚ್ಚಿಸುತ್ತದೆ. ಅದರಿಂದ ಏರುಪೇರಾದ ರಕ್ತದ ರಾಸಾಯನಿಕ ಸಮತೋಲನವನ್ನು ಮೂತ್ರಪಿಂಡಗಳು ಸರಿಪಡಿಸಲು ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಆದ್ದರಿಂದಲೇ ನಮ್ಮ ಸೇನೆ ಯೋಧರನ್ನು ಮೂರು ಹಂತಗಳಲ್ಲಿ ಮೇಲೇರಿಸುವ ಪದ್ಧತಿ ಇಟ್ಟುಕೊಂಡಿದೆ: ಮೊದಲ ಹಂತದಲ್ಲಿ ಆರು ದಿನ, ಮುಂದಿನ ಎರಡರಲ್ಲಿ ನಾಲ್ಕು ನಾಲ್ಕು ದಿನ. ಮೊದಲೆರಡು ದಿನ ಬರಿಯ ವಿಶ್ರಾಂತಿ, ಆಮೇಲೆ ನಿಧಾನದ ನಡಿಗೆ, ಆಮೇಲೆ ಏರು. ಮೈದಾನದ ಓಟದಲ್ಲಿ ಮೊದಲು ಬಂದ ಹುಡುಗನಿಗೂ ಇದರಲ್ಲಿ ರಿಯಾಯಿತಿಯಿಲ್ಲ. ಗಟ್ಟಿಮುಟ್ಟಾದವನೇ ಮೊದಲ ದಿನ ಜಂಭದಿಂದ ಓಡಾಡಿ ಮಲಗುವುದುಂಟು. ತರಬೇತಿಯ ಅವಧಿಯನ್ನು ಇಲ್ಲಿ ಅಧಿಕಾರಿ ನಿಗದಿ ಮಾಡುವುದಿಲ್ಲ, ರಕ್ತ ನಿಗದಿ ಮಾಡುತ್ತದೆ.

ತಪ್ಪಿನಿಂದ ಕಲಿಯುವ ಮಾತಿಗೆ ಹೊರದೇಶದ ಒಂದು ನಿದರ್ಶನ ಕೊಡುತ್ತೇನೆ. ವಿಯೆಟ್ನಾಂ ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ನೌಕಾಪಡೆ ಆಕಾಶದ ಕಾಳಗಗಳಲ್ಲಿ ತಾನು ಕಳೆದುಕೊಂಡ ಒಂದು ವಿಮಾನಕ್ಕೆ ಎದುರಾಳಿಯ ಸುಮಾರು ಎರಡನ್ನು ಮಾತ್ರ ಬೀಳಿಸುತ್ತಿತ್ತು. 1969ರಲ್ಲಿ ಮಿರಾಮಾರ್ ಎಂಬಲ್ಲಿ ಆರಂಭವಾದ ಶಾಲೆ ಹೊಸ ಯಂತ್ರವನ್ನೇನೂ ತರಲಿಲ್ಲ. ಬೋಧಕರೇ ಎದುರಾಳಿಯ ವಿಮಾನವನ್ನು ಹೋಲುವ ವಿಮಾನಗಳಲ್ಲಿ, ಎದುರಾಳಿಯ ರೀತಿಯಲ್ಲೇ ಹಾರಿ ಶಿಷ್ಯರನ್ನು ಸೋಲಿಸಿದರು. ಪ್ರತಿ ಹಾರಾಟದ ನಂತರ ಕುಳಿತು, ಎಲ್ಲಿ ತಪ್ಪಿತು ಎಂದು ಒಂದೊಂದು ತಿರುವನ್ನೂ ಬಿಡಿಸಿ ನೋಡಿದರು. ಯುದ್ಧದ ಕೊನೆಯ ಹಂತದಲ್ಲಿ ಆ ಲೆಕ್ಕ ಒಂದಕ್ಕೆ ಸುಮಾರು ಹನ್ನೆರಡಕ್ಕೆ ಏರಿತು. ಆ ಶಾಲೆಯ ಮೇಲೆ ಬಂದ ಸಿನಿಮಾದಲ್ಲಿ ಮೋಟಾರ್ ಸೈಕಲ್ಲು, ಕಪ್ಪು ಕನ್ನಡಕಗಳದ್ದೇ ಭರಾಟೆ. ನನ್ನ ಮಟ್ಟಿಗೆ ಅಲ್ಲಿನ ನಿಜವಾದ ನಾಯಕ ಹಾರಾಟ ಮುಗಿದ ಮೇಲಿನ ಆ ಮಾತುಕತೆ.

ಮತ್ತೆ ನಮ್ಮ ಜಿಲ್ಲೆಗೆ ಬನ್ನಿ. ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಲ್ಲಿ ಉದ್ಘಾಟನೆಯಾದ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರುತ್ತವೆ. 2023ರ ಆಗಸ್ಟ್ 20ರಂದು ಅಂಥ ಒಂದು ತಾಪಸ್ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಹೊಲದಲ್ಲಿ ಬಿತ್ತು. ಯಾರಿಗೂ ಅಪಾಯವಾಗಲಿಲ್ಲ. ಸುತ್ತಮುತ್ತಲ ಊರಿನವರು ನೋಡಲು ಓಡಿದರು. ಪರೀಕ್ಷಾರ್ಥ ಹಾರಾಟವೆಂದರೆ ಇದೇ: ಯುದ್ಧದಲ್ಲಿ ಬೀಳಬಾರದೆಂದೇ ಇಲ್ಲಿ ಬೀಳುವ ಸಾಧ್ಯತೆಗೆ ಎದೆಯೊಡ್ಡುವುದು. ಇಂಥ ವಿಮಾನ ಸೇನೆಗೆ ಬಂದಾಗ ಅದನ್ನು ನಡೆಸುವವರು ನೆಲದ ಮೇಲೆ ಪರದೆಯ ಮುಂದೆ ಕೂರುತ್ತಾರೆ. ಅವರ ತರಬೇತಿಯಲ್ಲಿ ಗಟ್ಟಿ ತೋಳಿಗಿಂತ, ಗಂಟೆಗಟ್ಟಲೆ ಏನೂ ನಡೆಯದ ಪರದೆಯನ್ನು ಎಚ್ಚರವಾಗಿ ನೋಡುವ ಅಭ್ಯಾಸ ಮುಖ್ಯ. ಓಬವ್ವನ ಗಂಡ ಕಾದದ್ದೂ ಅಂಥದೇ ಕಾವಲು ಅನ್ನಿ.

ಎನ್‌ಸಿಸಿಯಲ್ಲಿರುವವರು ಒಂದು ಕೆಲಸ ಮಾಡಿ. ಇಲ್ಲದವರೂ ಮಾಡಬಹುದು. ಒಂದು ಮಾರು ಹಗ್ಗ ತೆಗೆದುಕೊಳ್ಳಿ. ಬಾವಿಗೆ ಬಿದ್ದವರನ್ನು ಎತ್ತಲು ಸೊಂಟಕ್ಕೆ ಕಟ್ಟುವ, ಜಾರದ ಕುಣಿಕೆಯನ್ನು ಗೊತ್ತಿದ್ದವರಿಂದ ಕಲಿತು, ನಿಮ್ಮ ತಮ್ಮನಿಗೋ ತಂಗಿಗೋ ಕಲಿಸಿ. ಮೊದಲು ಗುರಿಯನ್ನು ಮೂರು ಭಾಗವಾಗಿ ಬರೆಯಿರಿ: ಯಾವ ಗಂಟು, ಕಣ್ಣು ಮುಚ್ಚಿಯೋ ತೆರೆದೋ, ಎಷ್ಟು ಸೆಕೆಂಡು. ತಪ್ಪಿದರೆ ಗದರಬೇಡಿ, ಎಲ್ಲಿ ತಪ್ಪಿತೆಂದು ಅವರ ಬಾಯಿಂದಲೇ ಹೇಳಿಸಿ. ಅಂದು ಸಂಜೆ ಸರಿಯಾಗಿ ಕಟ್ಟಿದರೆಂದು ಸಂತೋಷಪಟ್ಟು ನಿಲ್ಲಬೇಡಿ. ಕಲಿತದ್ದು ಮೊದಲ ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾನೆ. ಹತ್ತು ದಿನ ಬಿಟ್ಟು, ಮುನ್ಸೂಚನೆ ಕೊಡದೆ, ದೀಪವಾರಿಸಿ ಹಗ್ಗವನ್ನು ಕೈಗೆ ಕೊಡಿ. ಕಟ್ಟಿದ ಮೇಲೆ ಬಲವಾಗಿ ಎಳೆದು ನೋಡಿ.