ಜೀವಕೋಶದ ಕೆಲಸ ಕರೆಯುತ್ತಿದೆ, ಕನ್ನಡದ ತರುಣರೆಲ್ಲಿ?

(ಭಾತಂಬ್ರಾದಲ್ಲಿ ಮಾಡಿದ ಭಾಷಣ)

ಕನ್ನಡದ ತರುಣ ತರುಣಿಯರೇ,

ನಾನು ಪಿಯುಸಿ ಓದಿ ಪ್ರೆಸ್ ಇಟ್ಟವನು. ಒಂದಕ್ಷರ ತಪ್ಪಿದರೆ ಲಗ್ನಪತ್ರಿಕೆ ಕೆಡುತ್ತದೆಂದು ಬಲ್ಲೆ. ದೇಹದಲ್ಲೂ ಹಾಗೇ. ವಂಶವಾಹಿಯ ಒಂದೇ ಅಕ್ಷರದ ತಪ್ಪು ತಂದೆ, ತಾಯಿ ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ.

ಇಂಥ ಜೀವಕೋಶ ಸಂಶೋಧನೆ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತದೆ: 1909ರ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಇನ್‌ಸ್ಟೆಮ್. ಎಂ.ಎಸ್ಸಿ. ಮಾಡಿ, ಸಿಎಸ್‌ಐಆರ್ ನೆಟ್ ಗೆದ್ದು ಜೆಆರ್‌ಎಫ್ ಆದರೆ ತಿಂಗಳಿಗೆ 37,000 ರೂಪಾಯಿ; 2023ರಿಂದ ಈ ದರ. ನೆಟ್ ಕೇಳದ ಪ್ರಾಜೆಕ್ಟ್ ಹುದ್ದೆಗಳೂ ಇವೆ. ಆದರೆ ಇವು ಕೇಂದ್ರದ ಸಂಸ್ಥೆಗಳು. ನಮ್ಮ 371ಜೆ ಮೀಸಲಾತಿ ಅಲ್ಲಿ ನಡೆಯದು.

ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ! ವೈದ್ಯಕೀಯ ಪ್ರವೇಶದ ನೀಟ್ 2017ರಲ್ಲೇ ಕನ್ನಡಕ್ಕೆ ಬಂತು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು? ಕೇಳೋಣ, ಬಿಡದೆ ಕೇಳೋಣ.

ಕೇಳುತ್ತ ಸುಮ್ಮನೆ ಕೂರುವುದೂ ಬೇಡ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನೀವೂ ಇಂಗ್ಲಿಷಿನ ಬಾಗಿಲು ದಾಟಿ ಒಳಗೆ ಹೋಗಿ, ಕನ್ನಡವನ್ನೂ ಕರೆದೊಯ್ಯಿರಿ.

ಪಟ್ಟಣದಲ್ಲಿರುವ ಗೆಳೆಯರೇ, ಈ ಸಂಸ್ಥೆಗಳ ಕೆಲಸದ ಪ್ರಕಟಣೆ ಕಂಡರೆ ಕನ್ನಡದಲ್ಲಿ ಬರೆದು ನಿಮ್ಮೂರ ಕಾಲೇಜಿಗೆ ಕಳಿಸಿ. ಭಾತಂಬ್ರಾದ ಗೋಡೆಗೆ ಬೇಕಾದಷ್ಟು ಪ್ರತಿ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಸು ಬೇಡ.

ಸಿರಿಗನ್ನಡಂ ಗೆಲ್ಗೆ!